ಅಳಿಯಂದಿರ ಕಿವಿ, ಮಾವನವರ ಕಾರು

ಲೈಬ್ರರಿರಾಯನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವನ ಬಳಿ ಕಾರು ಇರಲೂ ಇಲ್ಲ. ಇದ್ದದ್ದು ಒಂದು ಸೈಕಲ್ಲು. ಅದರ ಚೈನು ಬಿದ್ದರೆ ಹಾಕಿಕೊಡುವುದಕ್ಕೂ ಅವನು ಎದುರುಮನೆಯವರನ್ನೇ ಕರೆಯುತ್ತಿದ್ದ. ಆದರೂ ಆ ಬೀದಿಯಲ್ಲಿ ಯಾರ ಕಾರು ಕೆಮ್ಮಿದರೂ, ಯಾರ ಸ್ಕೂಟರು ಮುಲುಗಿದರೂ ಜನ ಗ್ಯಾರೇಜಿಗೆ ಹೋಗುವ ಮುಂಚೆ ಅವನ ಮನೆಯ ಬಾಗಿಲು ತಟ್ಟುತ್ತಿದ್ದರು.

ಇದಕ್ಕೆಲ್ಲ ಕಾರಣ ಎದುರುಮನೆಯ ಔಷಧಿ ಅಂಗಡಿಯವರು. ಒಂದು ಬೆಳಿಗ್ಗೆ ಅವರ ಕಾರು ಕಟಕಟ ಎನ್ನುತ್ತಾ ನಿಂತಿತ್ತು. ಲೈಬ್ರರಿರಾಯ ಹಾಲಿನ ಪ್ಯಾಕೆಟ್ಟು ಹಿಡಿದು ಪಕ್ಕದಲ್ಲೇ ಹಾದುಹೋಗುತ್ತಿದ್ದ. ಏನಾದರೂ ಹೇಳದೆ ಹೋದರೆ ಚೆನ್ನಾಗಿರುವುದಿಲ್ಲ ಎಂದು, "ಒಳಗೆ ಏನೋ ಸಡಿಲ ಆಗಿರೋ ಹಾಗಿದೆ" ಎಂದ. ಯಾವ ಯಂತ್ರದ ಬಗ್ಗೆ ಹೇಳಿದರೂ, ಯಾವ ಸರ್ಕಾರದ ಬಗ್ಗೆ ಹೇಳಿದರೂ ತಪ್ಪಾಗದ ಮಾತು ಅದು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ನಿಜವಾಗಿಯೂ ಒಂದು ಬೋಲ್ಟು ಸಡಿಲವಾಗಿತ್ತು.

ಔಷಧಿ ಅಂಗಡಿಯವರು ಅಂದಿನಿಂದ ಪ್ರತಿ ಗಿರಾಕಿಗೂ ಮಾತ್ರೆಯ ಜೊತೆ ಈ ಸಮಾಚಾರವನ್ನೂ ಕಟ್ಟಿಕೊಟ್ಟರು. "ಬಾನೆಟ್ಟು ತೆಗೆದೇ ಇಲ್ಲ ಕಣ್ರೀ. ದೂರದಲ್ಲಿ ನಿಂತು ಬರೀ ಕಿವಿ ಕೊಟ್ಟರು. ಲೈಬ್ರರೀಲಿ ಕೂತೂ ಕೂತೂ ಅವರ ಕಿವಿ ಹಾಗೆ ಪಳಗಿಬಿಟ್ಟಿದೆ."

ಇದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ಕೂತ ಲೈಬ್ರರಿರಾಯನಿಗೆ, ಕೊನೆಯ ಕಪಾಟಿನ ಮರೆಯಲ್ಲಿ ಯಾರಾದರೂ ಕಡಲೆಕಾಯಿ ಸುಲಿದರೆ ಕೇಳಿಸುತ್ತಿತ್ತು. ಹಾಳೆ ಮಗುಚುವ ಸದ್ದು ಯಾವುದು, ಹರಿಯುವ ಸದ್ದು ಯಾವುದು ಎಂಬುದೂ ತಿಳಿಯುತ್ತಿತ್ತು. ಆದರೆ ಕಡಲೆಕಾಯಿಯಿಂದ ಇಂಜಿನ್ನಿಗೆ ದೂರ ಬಹಳ. ಆ ದೂರವನ್ನು ಅವನು ಗಾಂಭೀರ್ಯದಿಂದ ದಾಟಿದ. ಯಾರಾದರೂ ಕಾರು ತಂದು ನಿಲ್ಲಿಸಿದರೆ ಬಾನೆಟ್ಟಿನ ಮೇಲೆ ಎರಡು ಬೆರಳು ಇಡುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ತಲೆಯನ್ನು ಒಂದು ಕಡೆ ವಾಲಿಸಿ "ಹ್ಮ್" ಎನ್ನುತ್ತಿದ್ದ. ಆಮೇಲೆ, "ತೋರಿಸಿಬಿಡಿ, ತಡ ಮಾಡಬೇಡಿ" ಎಂದು ಹೇಳಿ ಕಳಿಸುತ್ತಿದ್ದ. ಏನನ್ನು ತೋರಿಸಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

"ನಿಮಗೆ ಇದೆಲ್ಲ ಯಾವಾಗ ಗೊತ್ತಾಯ್ತು?" ಎಂದು ಹೆಂಡತಿ ಒಮ್ಮೆ ಕೇಳಿದಳು.

"ಇದು ಗೊತ್ತಾಗೋ ವಿಷಯ ಅಲ್ಲ. ಕೇಳಿಸೋ ವಿಷಯ."

"ಹಾಗಾದ್ರೆ ಆಗಿನಿಂದ ಕುಕ್ಕರ್ ಕೂಗ್ತಾ ಇದೆಯಲ್ಲ, ಅದು ಯಾಕೆ ಕೇಳಿಸಲಿಲ್ಲ?"

ಲೈಬ್ರರಿರಾಯ ಎದ್ದುಹೋಗಿ ಒಲೆ ಆರಿಸಿದ. ಅವಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ಅದೇ ಸುಲಭ.

ಅವನ ಮಾವನವರ ಮನೆ ನಾಲ್ಕು ಬೀದಿ ಆಚೆ. ಮಾವ ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಅವರ ಬಳಿ ತಿಳಿಹಳದಿ ಬಣ್ಣದ ಒಂದು ಹಳೆಯ ಕಾರಿತ್ತು. ವಯಸ್ಸಿನಲ್ಲಿ ಅದು ಲೈಬ್ರರಿರಾಯನ ಹೆಂಡತಿಗೆ ಓರಗೆ. ಮಾವನವರ ಪ್ರೀತಿಯಲ್ಲಿ ಯಾರು ದೊಡ್ಡವರು ಎಂಬುದು ಆ ಮನೆಯಲ್ಲಿ ಯಾರೂ ಎತ್ತದ ವಿಷಯ. ಭಾನುವಾರ ಸಂಜೆ ಅವರು ಮನೆಯವರನ್ನೆಲ್ಲ ತುಂಬಿಕೊಂಡು ಕೆರೆಯ ಸುತ್ತ ಒಂದು ಸುತ್ತು ಹೊಡೆಸಿ ತರುತ್ತಿದ್ದರು. ಅತ್ತೆಯವರಂತೂ ಮಧ್ಯಾಹ್ನದಿಂದಲೇ ಸೀರೆ ಬದಲಾಯಿಸಿಕೊಂಡು ಕಾಯುತ್ತಿದ್ದರು.

ಬಾಮೈದನಿಗೆ ಮಾತ್ರ ಆ ಕಾರು ಕಣ್ಣಿಗೆ ಬಿದ್ದ ಕಸ. ಅವನು ವಿಮೆ ಕಂಪನಿಯ ಅಧಿಕಾರಿ. ದಿನವಿಡೀ ಅಪಘಾತದ ಫೋಟೋಗಳನ್ನು ನೋಡುವ ಕೆಲಸ; ಹಾಗಾಗಿ ಅರವತ್ತು ದಾಟಿದ ಯಾರೇ ಸ್ಟಿಯರಿಂಗ್ ಹಿಡಿದರೂ ಅವನಿಗೆ ಫೋಟೋ ಕಾಣುತ್ತಿತ್ತು. "ಅಪ್ಪಂಗೆ ವಯಸ್ಸಾಯ್ತು, ಗಾಡಿಗೂ ವಯಸ್ಸಾಯ್ತು. ಇಬ್ಬರಿಗೂ ವಿಶ್ರಾಂತಿ ಕೊಡಬೇಕು" ಎನ್ನುತ್ತಿದ್ದ. ಆದರೆ ಮಾವ ಒಂದು ಗೀರೂ ಬೀಳದಂತೆ ಕಾರು ಓಡಿಸುತ್ತಿದ್ದುದರಿಂದ ಅವನಿಗೆ ನೆಪ ಸಿಗುತ್ತಿರಲಿಲ್ಲ.

ಆ ನೆಪವನ್ನು ಲೈಬ್ರರಿರಾಯ ಕೈಯಾರೆ ತಂದುಕೊಟ್ಟ.

ಒಂದು ಭಾನುವಾರ ಅವನು ಕಾರಿನಲ್ಲಿ ಮಾವನ ಬೆನ್ನಹಿಂದಿನ ಸೀಟಿನಲ್ಲಿ ಕೂತಿದ್ದ. ಕೆರೆಯ ತಿರುವಿನಲ್ಲಿ ಸಣ್ಣಗೆ, ಎಳೆಯಾಗಿ, ಸೊಳ್ಳೆಯೊಂದು ಸಂಗೀತ ಕಲಿಯುತ್ತಿರುವಂತೆ, ಒಂದು ಸದ್ದು ಕೇಳಿಸಿತು. ಕುಂಯ್‍ಯ್‍ಯ್. ನಿಂತಿತು. ಮತ್ತೆ ಕುಂಯ್‍ಯ್.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲೈಬ್ರರಿರಾಯ ಕೈ ಎತ್ತಿ, "ಒಂದು ನಿಮಿಷ, ಯಾರೂ ಮಾತಾಡಬೇಡಿ" ಎಂದ. ಕಣ್ಣು ಮುಚ್ಚಿದ. ತಲೆ ವಾಲಿಸಿದ. "ಇಂಜಿನ್ನಿಂದ ಒಂದು ಶಿಳ್ಳೆ ಬರ್ತಾ ಇದೆ."

ಎಲ್ಲರೂ ಕಿವಿ ನಿಮಿರಿಸಿದರು. ಹೆಂಡತಿಗೆ ಕೇಳಿಸಿತು. ಮುಂದೆ ಕೂತಿದ್ದ ಬಾಮೈದನಿಗೆ ಕೇಳಿಸಿತು. ಅತ್ತೆ ಕಿಟಕಿಯಾಚೆಗೆ ನೋಡುತ್ತಾ, "ಏನೋಪ್ಪ" ಎಂದರು.

"ಯಾವ ಶಿಳ್ಳೆ?" ಎಂದರು ಮಾವ. "ನಂಗೇನೂ ಕೇಳಿಸ್ತಿಲ್ಲ."

ಬಾಮೈದ ನಿಧಾನವಾಗಿ ಅಪ್ಪನ ಕಡೆ ತಿರುಗಿದ. "ಇಷ್ಟು ಜೋರಾಗಿ ಬರ್ತಿದೆ, ನಿಮಗೆ ಕೇಳಿಸ್ತಿಲ್ವಾ ಅಪ್ಪ?"

"ಗಾಡಿ ನಂದು. ಸದ್ದಿದ್ರೆ ಮೊದಲು ನಂಗೆ ಹೇಳುತ್ತೆ."

"ಭಾವ, ಏನದು?" ಎಂದು ಬಾಮೈದ ಹಿಂದೆ ತಿರುಗಿ ಕೇಳಿದ. ಅಷ್ಟು ಗೌರವದಿಂದ ಅವನು ಭಾವನನ್ನು ಹಿಂದೆಂದೂ ಮಾತಾಡಿಸಿರಲಿಲ್ಲ. ಲೈಬ್ರರಿರಾಯ ಕರಗಿಹೋದ.

"ಬೆಲ್ಟು" ಎಂದ.

ಗ್ಯಾರೇಜಿನ ಯಜಮಾನ ದಪ್ಪ ಮೀಸೆಯ, ತೆಳುವಾದ ತಾಳ್ಮೆಯ ಮನುಷ್ಯ. ಅವನು ಕಾರನ್ನು ಒಬ್ಬನೇ ಓಡಿಸಿಕೊಂಡು ಹೋಗಿ ಬಂದ. "ಏನೂ ಸದ್ದಿಲ್ಲ. ಬೆಣ್ಣೆ ಇದ್ದ ಹಾಗಿದೆ." ಆದರೂ ಹೇಳಿದ್ದಾರಲ್ಲ ಎಂದು ಬೆಲ್ಟು ಬದಲಾಯಿಸಿದ. ಮಾವ ಸೀಟಿನಲ್ಲಿ ಕೂತು ಗಾಡಿ ಶುರು ಮಾಡಿ, ಕಿಟಕಿಗೆ ತಲೆ ಒರಗಿಸಿ, ಇಂಜಿನ್ನಿನ ಗುಡುಗುಡು ಸವಿಯುತ್ತಿದ್ದಂತೆಯೇ, ಕುಂಯ್.

ಯಜಮಾನನ ಮೀಸೆ ಅಲುಗಿತು. "ಈಗಿರಲಿಲ್ಲ."

"ಬೇರಿಂಗು" ಎಂದ ಲೈಬ್ರರಿರಾಯ.

ಬೇರಿಂಗು ಬದಲಾಯಿತು. ಯಜಮಾನ ಓಡಿಸಿದಾಗ ಕಾರು ಮೌನವ್ರತ ಹಿಡಿದಿತ್ತು. ಮಾವ ಕೂತರು, ಕುಂಯ್. ನೀರಿನ ಪಂಪು ಬದಲಾಯಿತು. ಯಜಮಾನ ಇಡೀ ಊರು ಸುತ್ತಿ ಬಂದ, ಸದ್ದಿಲ್ಲ. ಮಾವ ಕೂತು ಕನ್ನಡಿ ಸರಿಮಾಡಿಕೊಂಡರು, ಕುಂಯ್‍ಯ್‍ಯ್.

"ನೋಡಿ ಸ್ವಾಮಿ" ಎಂದ ಯಜಮಾನ ಕೈ ಒರೆಸಿಕೊಳ್ಳುತ್ತಾ, "ನಾನು ಸಾವಿರ ಗಾಡಿ ನೋಡಿದ್ದೀನಿ. ನನ್ನ ಕಂಡ್ರೆ ನಾಚಿಕೊಳ್ಳೋ ಗಾಡಿ ಇದೊಂದೇ. ಯಜಮಾನರನ್ನ ನೋಡಿದ್ರೆ ಮಾತ್ರ ಮಾತಾಡುತ್ತೆ."

"ಅಂದ್ರೆ ತೊಂದರೆ ಆಳದಲ್ಲಿದೆ" ಎಂದ ಲೈಬ್ರರಿರಾಯ.

ಆ ಆಳ ಎಷ್ಟೆಂದು ತಿಳಿಯಲು ಅವನು ಮರುದಿನ ಗ್ರಂಥಾಲಯದಲ್ಲಿ ಮೋಟಾರು ದುರಸ್ತಿಯ ಪುಸ್ತಕ ಹುಡುಕಿದ. ಸಿಕ್ಕಿತು. ಸದ್ದುಗಳ ಅಧ್ಯಾಯವನ್ನು ಯಾರೋ ಹರಿದುಕೊಂಡು ಹೋಗಿದ್ದರು. ಆ ಹರಿಯುವ ಸದ್ದು ತನಗೆ ಕೇಳಿಸದೆ ಹೋದದ್ದು ಹೇಗೆ ಎಂದು ಅವನು ಹೆಚ್ಚು ಯೋಚಿಸಲು ಹೋಗಲಿಲ್ಲ. ಉಳಿದ ಅಧ್ಯಾಯಗಳಲ್ಲಿ ಕಣ್ಣಿಗೆ ಬಿದ್ದ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಸಂಜೆ ಮಾವನ ಮನೆಗೆ ಹೋಗಿ, "ಇಂಜಿನ್ನು ಕೆಳಗಿಳಿಸಿ ನೋಡಬೇಕು" ಎಂದುಬಿಟ್ಟ.

ಬಾಮೈದ ಕಾದಿದ್ದವನಂತೆ ಎದ್ದು ನಿಂತ. "ಆಯ್ತಲ್ಲ. ಭಾವನೇ ಹೇಳಿದ ಮೇಲೆ ಮುಗೀತು. ಇಳಿಸೋದು, ಒಂದ್ಸಲ ನೋಡಿಸೋದು, ಯಾರಿಗಾದ್ರೂ ಕೊಟ್ಟುಬಿಡೋದು. ಭಾವನ ಎದುರುಮನೆ ಔಷಧಿ ಅಂಗಡಿಯವರು ಔಷಧಿ ಸಾಗಿಸೋಕೆ ಒಂದು ಹಳೇ ಗಾಡಿ ಬೇಕು ಅಂತಿದ್ರು. ಭಾವ, ನೀವೇ ಒಂದು ಮಾತು ಹೇಳಿ, ನಿಮ್ಮ ಮಾತು ಅಂದ್ರೆ ಅವರಿಗೆ ವೇದ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಅಪ್ಪನಿಗೆ ಹೇಳಿದ: "ಅದೂ ಅಲ್ದೆ, ಎಲ್ಲರಿಗೂ ಕೇಳಿಸೋ ಸದ್ದು ನಿಮಗೆ ಕೇಳಿಸ್ತಿಲ್ಲ. ನಾಳೆ ಲಾರಿ ಹಾರ್ನೂ ಕೇಳಿಸದೆ ಹೋದ್ರೆ?"

ಮಾವ ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಅತ್ತೆ ಮಗನನ್ನೂ ನೋಡಿದರು, ಅಳಿಯನನ್ನೂ ನೋಡಿದರು. ಆ ದಿನ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಇಂಜಿನ್ನು ಇಳಿಯಿತು. ಮುಂದಿನ ಭಾನುವಾರ ಕೆರೆಯ ಸುತ್ತಾಟ ಇರಲಿಲ್ಲ. ಅತ್ತೆ ಸೀರೆ ಬದಲಾಯಿಸಲಿಲ್ಲ. ಹೆಂಡತಿ ತವರಿನಿಂದ ಫೋನು ಬಂದಾಗಲೆಲ್ಲ ಗಂಡನ ಕಡೆ ಒಂದು ಥರಾ ನೋಡುತ್ತಿದ್ದಳು. ಕೊನೆಗೆ, "ಅಪ್ಪ ಗಾಡಿ ನೋಡಬೇಕು ಅಂತಿದ್ದಾರೆ. ನೀವೇ ಕರ್ಕೊಂಡು ಹೋಗಿ. ಹಾಳು ಮಾಡಿದವರೇ ತೋರಿಸಿ" ಎಂದಳು.

ಅವರಿಬ್ಬರೂ ಹೋದಾಗ ಗ್ಯಾರೇಜಿನ ಯಜಮಾನ ಬಿಡಿಭಾಗ ತರಲು ಹೊರಟಿದ್ದ. "ನೋಡ್ತಾ ಇರಿ, ಏನೂ ಮುಟ್ಟಬೇಡಿ" ಎಂದು ಲೈಬ್ರರಿರಾಯನನ್ನೇ ದಿಟ್ಟಿಸಿ ಹೇಳಿ ಹೋದ. ಇಂಜಿನ್ನು ಒಂದು ಮರದ ಹಲಗೆಯ ಮೇಲೆ, ಎಣ್ಣೆಬಟ್ಟೆ ಹೊದ್ದು ಕೂತಿತ್ತು. ಕಾರು ಬಾಯಿ ತೆರೆದು ನಿಂತಿತ್ತು. ಬಾನೆಟ್ಟಿನೊಳಗೆ ಇಣುಕಿದರೆ ನೆಲ ಕಾಣುತ್ತಿತ್ತು.

ಮಾವ ಬಾಗಿಲು ತೆರೆದು ತಮ್ಮ ಸೀಟಿನಲ್ಲಿ ಕೂತರು. ಶರಟಿನ ಜೇಬಿಗೆ ಕೈ ಹಾಕಿ ಏನೋ ಹುಡುಕಿದರು, ಕಿವಿ ತುರಿಸಿಕೊಂಡರು, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟರು. ಆಮೇಲೆ ಕಿಟಕಿಯ ಗಾಜಿಗೆ ತಲೆ ಒರಗಿಸಿದರು.

ಕುಂಯ್‍ಯ್‍ಯ್.

ಲೈಬ್ರರಿರಾಯ ಸೀಟಿನಲ್ಲಿ ಕೂತ ಮಾವನನ್ನು ನೋಡಿದ. ಹಲಗೆಯ ಮೇಲೆ ಕೂತ ಇಂಜಿನ್ನನ್ನು ನೋಡಿದ. ಮತ್ತೆ ಮಾವನನ್ನು ನೋಡಿದ. ಇಷ್ಟು ದಿನ ಅವನು ಕಿವಿಯಿಂದ ಮಾಡಿದ್ದ ಕೆಲಸವನ್ನೆಲ್ಲ ಈಗ ಮೊದಲ ಬಾರಿಗೆ ತಲೆಯಿಂದ ಮಾಡಬೇಕಾಗಿ ಬಂತು.

ಡ್ಯಾಶ್‍ಬೋರ್ಡಿಗೆ ಕಿವಿಯಿಟ್ಟ. ಅಲ್ಲಲ್ಲ. ಬಾಗಿಲಿಗೆ ಕಿವಿಯಿಟ್ಟ. ಸ್ವಲ್ಪ ಹತ್ತಿರ. ಸೀಟಿಗೆ ಕಿವಿಯಿಟ್ಟ. ಇನ್ನೂ ಹತ್ತಿರ. ಹಾಗೇ ಏರುತ್ತಾ ಏರುತ್ತಾ ಮಾವನ ಕೆನ್ನೆಯ ಬಳಿ ಬಂದು ನಿಂತ.

"ಏನ್ರೀ ಅಳಿಯಂದಿರೇ, ಏನು ಮಾಡ್ತಾ ಇದ್ದೀರಿ?" ಎಂದು ಮಾವ ಸರಕ್ಕನೆ ಅಂಗೈಯಿಂದ ಬಲಗಿವಿ ಮುಚ್ಚಿಕೊಂಡರು. ಕುಂಯ್ ಎಂಬುದು ಕೀಂ ಎಂದಾಯಿತು.

ಆಮೇಲೆ ಮಾವ ಕೈ ಇಳಿಸಿ, ಕಿವಿಯಿಂದ ಕಡಲೆಕಾಳಿನಷ್ಟಿದ್ದ ಒಂದು ಶ್ರವಣಯಂತ್ರವನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ಸದ್ದು ಮಾಡೋದು ಇದಾ?" ಎಂದರು. "ನಂಗೆ ಗೊತ್ತೇ ಇರಲಿಲ್ಲ. ಸಣ್ಣ ಸ್ವರ ನಂಗೆ ಇದನ್ನ ಹಾಕ್ಕೊಂಡ್ರೂ ಕೇಳಿಸಲ್ಲ. ಹಾರ್ನು, ಮಾತು, ಎಲ್ಲಾ ಚೆನ್ನಾಗಿ ಕೇಳಿಸುತ್ತೆ. ರಸ್ತೇಲಿ ಯಾರಿಗೂ ತೊಂದರೆ ಆಗಬಾರದು ಅಂತ ನಾನೇ ಹೋಗಿ ಮಾಡಿಸ್ಕೊಂಡದ್ದು. ಗಾಡಿ ಹತ್ತೋವಾಗ ಹಾಕ್ಕೊಳ್ತೀನಿ, ಇಳಿದ ಮೇಲೆ ತೆಗೀತೀನಿ."

"ಮನೇಲಿ ಹೇಳಬಹುದಿತ್ತಲ್ಲ ಮಾವ."

"ನಿಮ್ಮ ಬಾಮೈದಂಗೆ? ಹೇಳಿದ ದಿನವೇ ಕೀಲಿಕೈ ಕಿತ್ಕೊಳ್ತಾನೆ. ಇಡೀ ಟೆಲಿಫೋನ್ ಕಚೇರೀಲಿ ನನ್ನಂಥ ಕಿವಿ ಇರಲಿಲ್ಲ ಅಂತ ನಿಮ್ಮ ಅತ್ತೆ ಮುಂದೆ ಮದುವೆಯಾದ ದಿನದಿಂದ ಹೇಳ್ಕೊಂಡು ಬಂದಿದ್ದೀನಿ. ಈಗ ಅವಳಿಗೆ ಏನು ಮುಖ ತೋರಿಸಲಿ?" ಅವರು ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. "ನೀವು ಯಾರಿಗೂ ಹೇಳಬಾರದು."

ಲೈಬ್ರರಿರಾಯ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಹೊಳೆಯಿತು: ಸದ್ದು ಕಂಡುಹಿಡಿದವನೂ ತಾನೇ, ಇಂಜಿನ್ನು ಇಳಿಸಿದವನೂ ತಾನೇ, ಔಷಧಿ ಅಂಗಡಿಯವರಿಗೆ ಕಾರಿನ ವಿಷಯ ಹೇಳಿ ಬಂದವನೂ ತಾನೇ. "ಆದ್ರೆ ಮಾವ, ಗಾಜೋ ಕೈಯೋ ಹತ್ತಿರ ಬಂದ್ರೆ ಇದು ಕೂಗುತ್ತೆ. ಗಾಡಿ ವಾಪಸ್ಸು ಬಂದ ದಿನ ಎಲ್ಲರೂ ಸೇರ್ತಾರೆ. ಅವತ್ತೊಂದು ದಿನ ಇದನ್ನ ಹಾಕ್ಕೋಬೇಡಿ."

"ಇದಿಲ್ಲದೆ ನಾನು ಸ್ಟಿಯರಿಂಗ್ ಮುಟ್ಟಲ್ಲ" ಎಂದರು ಮಾವ. "ಅದು ನಿಯಮ."

ಬಾಮೈದ ಕಲ್ಪಿಸಿಕೊಂಡ ಅಪಘಾತಗಳಿಗೆಲ್ಲ ಆ ಒಂದು ಮಾತು ಸಾಕಾದ ಉತ್ತರವಾಗಿತ್ತು. ಆದರೆ ಅದನ್ನು ಅವನಿಗೆ ಹೇಳುವಂತಿರಲಿಲ್ಲ.

ಇಂಜಿನ್ನು ಮತ್ತೆ ಕೂತು, ಕಾರು ಮನೆಗೆ ಬಂತು. ಅಂಗಳದಲ್ಲಿ ಬಾಮೈದ, ಹೆಂಡತಿ, ಅತ್ತೆ, ಗ್ಯಾರೇಜಿನ ಯಜಮಾನ ಎಲ್ಲರೂ ನಿಂತಿದ್ದರು. ಔಷಧಿ ಅಂಗಡಿಯವರು ಕಾರನ್ನು ಸುತ್ತಲೂ ನೋಡುತ್ತಾ, ಡಿಕ್ಕಿಯಲ್ಲಿ ಎಷ್ಟು ಕೆಮ್ಮಿನ ಔಷಧಿ ಹಿಡಿದೀತು ಎಂದು ಕಣ್ಣಲ್ಲೇ ಅಳೆಯುತ್ತಿದ್ದರು.

"ಒಂದು ಷರತ್ತು" ಎಂದ ಬಾಮೈದ. "ಇವತ್ತು ಸದ್ದು ಬರದೇ ಇದ್ರೆ ಗಾಡಿ ಅಪ್ಪನ ಹತ್ರನೇ ಇರಲಿ. ಬಂದ್ರೆ ಇವರು ತಗೊಂಡು ಹೋಗಲಿ."

ಮಾವ ಕೂತರು. ಗಾಡಿ ಶುರುವಾಯಿತು. ಇಂಜಿನ್ನು ಹೊಸದರಂತೆ ಗುನುಗಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅಭ್ಯಾಸಬಲ ನೋಡಿ, ಮಾವನ ತಲೆ ಮೆಲ್ಲಗೆ, ಮೆಲ್ಲಗೆ ಕಿಟಕಿಯ ಕಡೆ ವಾಲಿತು.

ಕುಂಯ್‍ಯ್‍ಯ್.

"ಅಷ್ಟೇ" ಎಂದ ಬಾಮೈದ.

ಗ್ಯಾರೇಜಿನ ಯಜಮಾನ ಹಣೆ ಚಚ್ಚಿಕೊಂಡ. ಔಷಧಿ ಅಂಗಡಿಯವರು ಲೈಬ್ರರಿರಾಯನ ಕಡೆ ತಿರುಗಿ ಭಕ್ತಿಯಿಂದ ಕೇಳಿದರು: "ಈಗ ನೀವು ಹೇಳಿ ಸಾರ್. ಎಲ್ಲಿಂದ ಬರ್ತಿದೆ?"

ಎಲ್ಲರ ಕಣ್ಣೂ ಅವನ ಮೇಲೆ. ಮಾವನ ಕಣ್ಣೂ. ಲೈಬ್ರರಿರಾಯ ಬಾನೆಟ್ಟಿನ ಮೇಲೆ ಎರಡು ಬೆರಳಿಟ್ಟ, ತಲೆ ವಾಲಿಸಿದ, ಕಣ್ಣು ಮುಚ್ಚಿದ. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಮುಖ ಸ್ವಲ್ಪ ಕೆಂಪಾಗಿತ್ತು.

"ನನ್ನ ಮೂಗಿಂದ" ಎಂದ.

"ಏನು?"

"ಅದು ನನ್ನ ಮೂಗು. ಒಂದು ಕಡೆ ಕಟ್ಟಿಕೊಂಡಿದೆ. ಗಮನ ಕೊಟ್ಟು ಏನಾದ್ರೂ ಕೇಳೋಕೆ ಹೋದ್ರೆ ಶಿಳ್ಳೆ ಹೊಡೆಯುತ್ತೆ. ನಂಗೂ ಈಗ್ಲೇ ಗೊತ್ತಾಯ್ತು."

ಮೊದಲು ಗ್ಯಾರೇಜಿನ ಯಜಮಾನನ ಮುಖ ಅರಳಿತು. "ಹೌದಲ್ಲ ಸ್ವಾಮಿ. ನಾನು ಒಬ್ಬನೇ ಓಡಿಸಿದಾಗ ಒಂದ್ಸಲನೂ ಬರಲಿಲ್ಲ. ಇವರು ಪಕ್ಕದಲ್ಲಿ ನಿಂತಾಗಲೆಲ್ಲ ಬಂತು. ಗಾಡಿ ಅಲ್ಲ, ಇವರೇ."

"ರಾತ್ರಿ ನಿದ್ದೇಲೂ ಬರುತ್ತೆ" ಎಂದಳು ಹೆಂಡತಿ. "ಆದ್ರೆ ಅದು ಬೇರೆ ರಾಗ. ನಾನೇ ಮೊದಲೇ ಹೇಳ್ಬೇಕಿತ್ತು."

ಬಾಮೈದ ಸುಲಭಕ್ಕೆ ಬಿಡುವವನಲ್ಲ. ವಿಮೆಯ ಕೆಲಸದಲ್ಲಿ ಅನುಮಾನಕ್ಕೇ ಸಂಬಳ. "ಭಾವ, ಮೂಗು ಮುಚ್ಚಿಕೊಳ್ಳಿ ನೋಡೋಣ."

ಲೈಬ್ರರಿರಾಯ ಎರಡು ಬೆರಳಿನಿಂದ ಮೂಗು ಹಿಡಿದುಕೊಂಡ. ಕುಂಯ್ ಎಂದಿತು. ಅವನು ಮಾವನ ಕಡೆ ಕಣ್ಣು ಕೆಕ್ಕರಿಸಿ ನೋಡಿದ. ಮಾವನಿಗೆ ಅರ್ಥವಾಯಿತು, ತಲೆ ನೆಟ್ಟಗೆ ಮಾಡಿದರು. ಸದ್ದು ನಿಂತಿತು.

"ಮುಚ್ಚಿದ ಮೇಲೂ ಸ್ವಲ್ಪ ಬಂತಲ್ಲ" ಎಂದ ಬಾಮೈದ.

"ಒಳಗೆ ಉಳಿದದ್ದು ಇರುತ್ತೆ" ಎಂದರು ಔಷಧಿ ಅಂಗಡಿಯವರು. ವೈದ್ಯಶಾಸ್ತ್ರದ ವಿಷಯ ಬಂದಾಗ ಅವರು ಸುಮ್ಮನಿರುತ್ತಿರಲಿಲ್ಲ.

"ಈಗ ಬಿಡಿ."

ಲೈಬ್ರರಿರಾಯ ಮೂಗು ಬಿಟ್ಟ. ಮಾವ ಕಿವಿ ತುರಿಸಿಕೊಳ್ಳುವವರಂತೆ ಅಂಗೈ ಒಡ್ಡಿದರು. ಕೀಂ.

"ಮುಚ್ಚಿ." ಮೌನ.

"ಬಿಡಿ." ಕೀಂ.

ಮಾವನಿಗೆ ಆಟ ಹಿಡಿಸಿಬಿಟ್ಟಿತು. ತಮಗೆ ಕೇಳಿಸದ ವಾದ್ಯವನ್ನು ಅವರು ಎರಡೂ ಹುಬ್ಬು ಏರಿಸಿ, ತಾಳ ತಪ್ಪದೆ ನುಡಿಸತೊಡಗಿದರು. ಒಮ್ಮೆ ಉತ್ಸಾಹ ಹೆಚ್ಚಾಗಿ, ಮೂಗು ಮುಚ್ಚಿದ್ದಾಗಲೂ ಉದ್ದಕ್ಕೆ ಎಳೆದರು. ಲೈಬ್ರರಿರಾಯ ಗಾಬರಿಯಾಗಿ, "ಅದು ಬಾಯಿಂದ ಬಂತು" ಎಂದ. ಅಷ್ಟರಲ್ಲಿ ಎಲ್ಲರಿಗೂ ನಂಬಿಕೆ ಬಂದಾಗಿತ್ತು; ಅದನ್ನು ಯಾರೂ ಪ್ರಶ್ನಿಸಲಿಲ್ಲ.

"ಅಳಿಯಂದಿರ ಮೂಗಿನ ಸದ್ದು ನಂಗೂ ಆಗಾಗ ಕೇಳಿಸ್ತಿತ್ತು" ಎಂದರು ಮಾವ, ಕಾರಿನಿಂದ ತಲೆ ಹೊರಹಾಕಿ. "ಮನೆಗೆ ಬಂದ ಅಳಿಯನ್ನ ಅದರ ಬಗ್ಗೆ ಕೇಳೋದು ಹೇಗೆ ಅಂತ ಸುಮ್ಮನಿದ್ದೆ."

ಲೈಬ್ರರಿರಾಯನಿಗೆ ಈ ಮಾತು ಸ್ವಲ್ಪ ಅತಿಯಾಯಿತು ಎನಿಸಿತು. ಆದರೆ ಬಾಮೈದ ಅಪ್ಪನನ್ನು ಹೊಸ ಗೌರವದಿಂದ ನೋಡುತ್ತಿದ್ದ. ಷರತ್ತು ಷರತ್ತೇ. ಅವನು ಮನೆಯೊಳಗೆ ಹೋಗಿ, ಇಷ್ಟು ದಿನ ತನ್ನ ಬೀರುವಿನಲ್ಲಿಟ್ಟಿದ್ದ ಎರಡನೆಯ ಕೀಲಿಕೈಯನ್ನೂ ತಂದು ಅಪ್ಪನ ಕೈಗಿತ್ತ.

ಔಷಧಿ ಅಂಗಡಿಯವರು ಕುಗ್ಗಿಹೋದರು. ಗೇಟಿನ ತನಕ ಹೋದವರು ವಾಪಸ್ಸು ಬಂದು, "ಮೂಗಿಗೆ ಹಾಕೋ ಹನಿ ಇದೆ, ಕಳಿಸ್ತೀನಿ" ಎಂದಷ್ಟೇ ಹೇಳಿದರು. ಅವರ ಅಂಗಡಿಯಿಂದ ಮಾತ್ರೆಯ ಜೊತೆ ಹೊರಟ ಹೊಸ ಸಮಾಚಾರ ಹಳೆಯದಕ್ಕಿಂತ ಬೇಗ ಬೀದಿ ಸುತ್ತಿತು. ಆಮೇಲೆ ಯಾರೂ ಲೈಬ್ರರಿರಾಯನ ಬಾಗಿಲು ತಟ್ಟಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ತೆಗೆದುಕೊಳ್ಳುವವರು ಅವನು ಉಸಿರಾಡುವುದನ್ನೇ ಕಾಯುತ್ತಾ ನಿಲ್ಲುತ್ತಿದ್ದರು.

ಆ ಸಂಜೆಯೇ ಕೆರೆಯ ಸುತ್ತಾಟಕ್ಕೆ ಸಿದ್ಧತೆ ನಡೆಯಿತು. ಅತ್ತೆ ಸೀರೆ ಬದಲಾಯಿಸಿಕೊಂಡು, ಕೈಯಲ್ಲಿ ಮಡಿಸಿದ ಕರ್ಚೀಫು ಹಿಡಿದು ಅಳಿಯನನ್ನು ವರಾಂಡದ ಪಕ್ಕಕ್ಕೆ ಕರೆದರು.

"ಇದು ಇಟ್ಕೊಳ್ಳಿ, ಬೇಕಾಗುತ್ತೆ" ಎಂದು ಕರ್ಚೀಫು ಕೊಟ್ಟು, ದನಿ ತಗ್ಗಿಸಿದರು. "ಆ ಯಂತ್ರ ಕಿವಿ ಅಳತೆಗೆ ಸರಿಯಾಗಿ ಕೂತಿಲ್ಲ. ಕೊಟ್ಟವರ ಹತ್ರಾನೇ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ ಅಂತ ನಿಮ್ಮ ಮಾವಂಗೆ ಮೆಲ್ಲಗೆ ಹೇಳಿ. ನಾನು ಹೇಳಿದೆ ಅಂತ ಬೇಡ."

ಲೈಬ್ರರಿರಾಯ ಒಮ್ಮೆ ಮಾವನ ಕಡೆ ತಿರುಗಿ ನೋಡಿದ. "ನಿಮಗೆ ಗೊತ್ತಿತ್ತಾ ಅತ್ತೆ?"

"ಅವರ ಶರಟಿನ ಜೇಬು ನೋಡದೆ ನಾನು ಯಾವತ್ತು ಬಟ್ಟೆ ಒಗೆಯೋಕೆ ಹಾಕಿದ್ದೀನಿ?"

"ಹಾಗಾದ್ರೆ ಇಂಜಿನ್ ಇಳಿಸೋವಾಗ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಅವರು ಅದನ್ನ ಎಸೆದುಬಿಡ್ತಿದ್ರು. ಅವರ ಸ್ವಭಾವ ನಿಮಗೆ ಗೊತ್ತಿಲ್ಲ." ಅತ್ತೆ ಅಂಗಳದತ್ತ ನೋಡಿದರು. ಮಾವ ಬಟ್ಟೆಯಿಂದ ಗಾಜು ಒರೆಸುತ್ತಿದ್ದರು. "ಮನೇಲಿ ನಾನು ಏನು ಹೇಳಿದ್ರೂ ಹೂಂ ಅಂತಾರೆ, ಅಷ್ಟೇ. ಕಾರಲ್ಲಿ ಕೂತಾಗ ಮಾತ್ರ ನಾನು ಕೇಳಿದ್ದಕ್ಕೆ ಉತ್ತರ ಬರುತ್ತೆ. ವಾರಕ್ಕೊಂದು ದಿನ, ಕೆರೆ ಒಂದು ಸುತ್ತು ಮುಗಿಯೋ ತನಕ. ಅದೂ ಹೋಗಿಬಿಡ್ತು ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಅವರು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ, ಗಂಡನ ಪಕ್ಕದಲ್ಲಿ ಕೂತರು. ಬಾಮೈದ ಹಿಂದಿನ ಸೀಟಿಗೆ ಬಂದ. ಲೈಬ್ರರಿರಾಯ ಅವನ ಮತ್ತು ಹೆಂಡತಿಯ ನಡುವೆ ಇಕ್ಕಟ್ಟಿನಲ್ಲಿ ಸೇರಿಕೊಂಡ.

ಕೆರೆಯ ತಿರುವಿನಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನು ಹಾಕಿತು. ಮಾವ ನಿಧಾನವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಮೈದ ಅದನ್ನು ಗಮನಿಸಿ ಸೀಟಿಗೆ ಒರಗಿ ಕೂತ.

"ನೀರು ಈ ಸಲ ಜಾಸ್ತಿ ಇದೆ, ಅಲ್ವಾ?" ಎಂದರು ಅತ್ತೆ.

"ಹೋದ ಸಲಕ್ಕಿಂತ ಜಾಸ್ತೀನೇ" ಎಂದರು ಮಾವ. "ಆಚೆ ದಡದ ಮೆಟ್ಟಿಲು ನೋಡು, ಮೂರೇ ಕಾಣ್ತಿವೆ. ಬಾತುಕೋಳಿಗಳೂ ಬಂದಿವೆ."

"ಆವತ್ತು ನಾವಿಬ್ಬರೇ ಬಂದಿದ್ವಲ್ಲ, ಆಗಲೂ ಹೀಗೇ ಇತ್ತು."

"ಆವತ್ತು ನೀನು ಚಪ್ಪಲಿ ನೀರಿಗೆ ಬೀಳಿಸ್ಕೊಂಡೆ."

ಅತ್ತೆ ನಕ್ಕರು. ಆ ನಗು ಸವಿಯುತ್ತಾ ಮಾವ ತಲೆಯನ್ನು ಸ್ವಲ್ಪ ಆಚೆ ಒರಗಿಸಿದರು. ಕಿಟಕಿಯ ಗಾಜು ಅಲ್ಲೇ ಇತ್ತು.

ಕುಂಯ್‍ಯ್‍ಯ್.

ಬಾಮೈದ ತಿರುಗಿ ನೋಡಿದ. ಹೆಂಡತಿ ತಿರುಗಿ ನೋಡಿದಳು. ಲೈಬ್ರರಿರಾಯ ಕರ್ಚೀಫು ಬಿಡಿಸಿ, ಎರಡೂ ಕೈಯಿಂದ ಮೂಗಿಗೆ ಒತ್ತಿಕೊಂಡು, "ಕ್ಷಮಿಸಿ" ಎಂದ.